ಲ್ಯಾಪ್‌ಟಾಪ್ ನಿದ್ದೆ ಮಾಡಿದ್ರೆ ಹಾರ್ಡ್ ಡಿಸ್ಕ್ ಯಾಕೆ ಮಾಯ ಆಗುತ್ತೆ?

ಸೆಮಿಸ್ಟರ್ ಮುಗಿಯೋ ಹೊತ್ತಿಗೆ ಹಾಸ್ಟೆಲ್‌ನಲ್ಲಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗಳು ರೂಮಿಂದ ರೂಮಿಗೆ ಓಡಾಡೋಕೆ ಶುರು ಮಾಡ್ತವೆ. ಪ್ರಾಜೆಕ್ಟ್ ಫೈಲ್, ಸಿಮ್ಯುಲೇಶನ್ ರಿಸಲ್ಟ್, ಫೆಸ್ಟ್ ವಿಡಿಯೋ, ಜೊತೆಗೆ ಒಂದಿಷ್ಟು ಸಿನಿಮಾ, ಎಲ್ಲಾ ಅದರೊಳಗೇ. ಅದರ ಜೊತೆ ಒಂದು ಕಂಪ್ಲೇಂಟ್ ಕೂಡ ಓಡಾಡುತ್ತೆ: "ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋಗಿ ಎದ್ದ ಮೇಲೆ ಡಿಸ್ಕೇ ಕಾಣಿಸ್ತಿಲ್ಲ!" ಹೆಚ್ಚಿನವರು ಕೇಬಲ್ ಕಿತ್ತು ಮತ್ತೆ ಚುಚ್ಚಿ, ಬಂತಲ್ಲ ಅಂತ ಸುಮ್ಮನಾಗ್ತಾರೆ. ಆದ್ರೆ ಹೀಗಾದಾಗೆಲ್ಲ ಒಳಗಿರೋ ಫೈಲ್‌ಗಳಿಗೆ ಸ್ವಲ್ಪ ಅಪಾಯ ಇದ್ದೇ ಇರುತ್ತೆ. ಹಾಗಾಗಿ ಇದು ಯಾಕೆ ಆಗುತ್ತೆ, ಎಲ್ಲಿಂದ ಹುಡುಕ್ಬೇಕು, ಯಾವುದನ್ನ ಮಾತ್ರ ಮಾಡಲೇಬಾರದು ಅಂತ ಈ ಲೇಖನದಲ್ಲಿ ನೋಡೋಣ.

ಸ್ಲೀಪ್ ಅಂದ್ರೆ ಏನಾಗುತ್ತೆ?

ಕಂಪ್ಯೂಟರ್ ಸ್ಲೀಪ್‌ಗೆ ಹೋದಾಗ ರ್‍ಯಾಮ್‌ಗೆ ಮಾತ್ರ ಕರೆಂಟ್ ಕೊಟ್ಟು, ಪ್ರೊಸೆಸರ್, ಡಿಸ್‌ಪ್ಲೇ ಮುಂತಾದ ಬಹುತೇಕ ಭಾಗಗಳನ್ನ ಆಫ್ ಮಾಡುತ್ತೆ. ಇದು ಹಳೆಯ ಪದ್ಧತಿ, ಇದರ ಹೆಸರು ಎಸ್3. ಈಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಮಾಡರ್ನ್ ಸ್ಟ್ಯಾಂಡ್‌ಬೈ ಅಂತ ಬೇರೆ ಥರ ಇದೆ. ಅದರಲ್ಲಿ ಕಂಪ್ಯೂಟರ್ ಫೋನ್ ಹಾಗೆ ಅರ್ಧ ಎಚ್ಚರವಾಗಿರುತ್ತೆ.

ಇನ್ನು ಯುಎಸ್‌ಬಿ ಕಡೆ ಬರೋಣ. ಯುಎಸ್‌ಬಿ 2.0 ನಿಯಮದ ಪ್ರಕಾರ ಬಸ್ ಮೇಲೆ 3 ಮಿಲಿಸೆಕೆಂಡ್ ಏನೂ ಸದ್ದಿಲ್ಲ ಅಂದ್ರೆ ಡಿವೈಸ್ ಸಸ್ಪೆಂಡ್ ಸ್ಥಿತಿಗೆ ಹೋಗ್ಬೇಕು. ಆಗ ಅದು ಎಳೆಯಬಹುದಾದ ಕರೆಂಟ್ ಸುಮಾರು 2.5 ಮಿಲಿಆಂಪಿಯರ್ ಅಷ್ಟೇ. ಮಾಮೂಲಿಯಾಗಿ ಯುಎಸ್‌ಬಿ 2.0 ಪೋರ್ಟ್ 500, ಯುಎಸ್‌ಬಿ 3.0 ಪೋರ್ಟ್ 900 ಮಿಲಿಆಂಪಿಯರ್ ಕೊಡುತ್ತೆ. ಅಂದ್ರೆ ಒಳಗಡೆ ಮೋಟರ್ ತಿರುಗಿಸಿಕೊಂಡು ಕೂತಿರೋ ಹಾರ್ಡ್ ಡಿಸ್ಕ್‌ಗೆ 2.5 ಮಿಲಿಆಂಪಿಯರ್ ಏನಕ್ಕೂ ಸಾಲಲ್ಲ. ಅದು ಮಲಗಲೇಬೇಕು.

ಇಲ್ಲಿವರೆಗೂ ತೊಂದರೆ ಇಲ್ಲ. ಪೋರ್ಟ್‌ನಲ್ಲಿ ಆ ಸಣ್ಣ ಕರೆಂಟ್ ಉಳಿದ್ರೆ, ಎದ್ದ ಮೇಲೆ ಡಿಸ್ಕ್ ಮತ್ತು ಕಂಪ್ಯೂಟರ್ ಮಾತು ನಿಲ್ಲಿಸಿದ ಜಾಗದಿಂದಲೇ ಮುಂದುವರೀತವೆ. ಆದ್ರೆ ಎಷ್ಟೋ ಲ್ಯಾಪ್‌ಟಾಪ್‌ಗಳು ಬ್ಯಾಟರಿ ಉಳಿಸೋಕೆ ಪೋರ್ಟ್‌ನ ಕರೆಂಟನ್ನ ಪೂರ್ತಿ ಕಟ್ ಮಾಡ್ತವೆ. ಆಗ ಕಂಪ್ಯೂಟರ್ ದೃಷ್ಟಿಯಲ್ಲಿ ನೀವು ಕೇಬಲ್ ಕಿತ್ತಿದ್ದಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಎದ್ದ ಮೇಲೆ ಅದು ಮೊದಲಿಂದ ಅಟೆಂಡೆನ್ಸ್ ತಗೊಳುತ್ತೆ. ಆ ಹೊತ್ತಿಗೆ ಡಿಸ್ಕ್‌ನ ಮೋಟರ್ ಇನ್ನೂ ಸ್ಪೀಡ್ ಹಿಡಿದಿಲ್ಲ ಅಂದ್ರೆ, ಅಥವಾ ಅದರ ಕಂಟ್ರೋಲರ್ ಚಿಪ್ ಉತ್ತರ ಕೊಡೋಕೆ ತಡ ಮಾಡಿದ್ರೆ, ಆಬ್ಸೆಂಟ್!

ಮೊದಲು ಯಾವ ಥರದ ತೊಂದರೆ ಅಂತ ನೋಡಿ

"ಡಿಸ್‌ಕನೆಕ್ಟ್ ಆಗುತ್ತೆ" ಅನ್ನೋ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ತೊಂದರೆಗಳು ಅಡಗಿವೆ.

1. ಎದ್ದ ಮೇಲೆ ಡಿಸ್ಕ್ ತಾನೇ ಬರುತ್ತೆ, ಆದ್ರೆ "ಸರಿಯಾಗಿ ಎಜೆಕ್ಟ್ ಮಾಡಿಲ್ಲ" ಅನ್ನೋ ಮೆಸೇಜ್ ಬರುತ್ತೆ. ಇದು ಸ್ಲೀಪ್‌ನಲ್ಲಿ ಪೋರ್ಟ್‌ನ ಕರೆಂಟ್ ಹೋಗಿರೋದರ ಗುರುತು.
2. ಎದ್ದ ಮೇಲೆ ಬರೋದೇ ಇಲ್ಲ, ಕೇಬಲ್ ಕಿತ್ತು ಹಾಕಿದ್ರೆ ಮಾತ್ರ ಬರುತ್ತೆ. ಇಲ್ಲಿ ಡ್ರೈವರ್, ಹಬ್ ಅಥವಾ ಡಿಸ್ಕ್‌ನ ಕಂಟ್ರೋಲರ್ ಮೇಲೆ ಅನುಮಾನ ಪಡಿ.
3. ಕಂಪ್ಯೂಟರ್ ಎಚ್ಚರವಾಗಿದ್ದಾಗಲೇ, ಸುಮ್ಮನೆ ಬಿಟ್ಟ ಸ್ವಲ್ಪ ಹೊತ್ತಿಗೆ ಹೋಗುತ್ತೆ. ಇದು ಪವರ್ ಸೇವಿಂಗ್ ಸೆಟ್ಟಿಂಗ್ ಕೆಲಸ ಇರಬಹುದು.
4. ಫೈಲ್ ಕಾಪಿ ಆಗ್ತಿರುವಾಗಲೇ ಹೋಗುತ್ತೆ. ಇದಕ್ಕೂ ಸ್ಲೀಪ್‌ಗೂ ಸಂಬಂಧ ಇಲ್ಲ. ಕೇಬಲ್, ಕರೆಂಟ್ ಅಥವಾ ಡಿಸ್ಕೇ ಕೆಟ್ಟಿರಬಹುದು. ಮೊದಲು ಬ್ಯಾಕಪ್ ತಗೊಳ್ಳಿ, ಆಮೇಲೆ ರಿಪೇರಿ.

ಡಿಸ್ಕ್ ಕಾಣಿಸ್ತಾ ಇದೆ, ಆದ್ರೆ ಫೋಲ್ಡರ್ ಓಪನ್ ಆಗೋಕೆ ಐದಾರು ಸೆಕೆಂಡ್ ತಗೊಳುತ್ತೆ ಅಂದ್ರೆ ಅದು ತೊಂದರೆಯೇ ಅಲ್ಲ. ಡಿಸ್ಕ್ ತಾನೇ ಮೋಟರ್ ನಿಲ್ಲಿಸಿ ಮಲಗಿತ್ತು, ಈಗ ಎದ್ದಿದೆ ಅಷ್ಟೇ.

ಹಾರ್ಡ್‌ವೇರ್ ಚೆಕ್ ಮಾಡೋದು

ಸೆಟ್ಟಿಂಗ್ ಮುಟ್ಟೋ ಮುಂಚೆ ಇದನ್ನ ಮಾಡಿ. ಒಂದು ಸಲಕ್ಕೆ ಒಂದೇ ವಿಷಯ ಬದಲಾಯಿಸಿ. ಮೂರನ್ನ ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಸರಿ ಹೋಯ್ತು ಅಂತ ಗೊತ್ತಾಗಲ್ಲ. ಲ್ಯಾಬ್‌ನಲ್ಲಿ ಸರ್ಕ್ಯೂಟ್ ಡೀಬಗ್ ಮಾಡೋ ಕ್ರಮವೇ ಇಲ್ಲೂ.

ಮೊದಲು ಹಬ್ ತೆಗೆದು ಡಿಸ್ಕನ್ನ ನೇರವಾಗಿ ಲ್ಯಾಪ್‌ಟಾಪ್‌ಗೆ ಹಾಕಿ. ಸ್ವಂತ ಅಡಾಪ್ಟರ್ ಇಲ್ಲದ ಹಬ್, ಒಂದು ಪೋರ್ಟ್‌ನ ಕರೆಂಟನ್ನೇ ಮೌಸ್, ಕೀಬೋರ್ಡ್, ಡಿಸ್ಕ್ ಎಲ್ಲದಕ್ಕೂ ಹಂಚುತ್ತೆ. 2.5 ಇಂಚಿನ ಕೆಲವು ಡಿಸ್ಕ್‌ಗಳು ತಿರುಗೋಕೆ ಶುರು ಮಾಡುವಾಗ 1 ಆಂಪಿಯರ್ ಹತ್ತಿರ ಎಳೀತವೆ. ಲ್ಯಾಪ್‌ಟಾಪ್ ಏಳೋ ಕ್ಷಣದಲ್ಲೇ ಈ ಬೇಡಿಕೆ ಬರೋದ್ರಿಂದ, ಬೇರೆ ಟೈಮಲ್ಲಿ ಚೆನ್ನಾಗಿರೋ ಡಿಸ್ಕ್ ಎದ್ದ ತಕ್ಷಣ ಕೈ ಕೊಡುತ್ತೆ.

ಆಮೇಲೆ ಕೇಬಲ್ ಬದಲಾಯಿಸಿ. ಉದ್ದದ, ತೆಳ್ಳಗಿನ ಕೇಬಲ್‌ನಲ್ಲಿ ವೋಲ್ಟೇಜ್ ಡ್ರಾಪ್ ಜಾಸ್ತಿ. ಇದು ಓಮ್ಸ್ ಲಾ, ಹೊಸದಾಗಿ ಹೇಳೋದೇನಿಲ್ಲ. ಆಮೇಲೆ ಬೇರೆ ಪೋರ್ಟ್ ನೋಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಚಿಹ್ನೆ ಇರೋ ಪೋರ್ಟ್ ಸ್ಲೀಪ್‌ನಲ್ಲೂ ಕರೆಂಟ್ ಕೊಡುತ್ತೆ. ಆದ್ರೆ ಕರೆಂಟ್ ಬರೋದು ಬೇರೆ, ಡೇಟಾ ಸಂಪರ್ಕ ಉಳಿಯೋದು ಬೇರೆ. ಹಾಗಾಗಿ ಅದನ್ನೇ ನಂಬ್ಕೊಂಡು ಕೂರ್ಬೇಡಿ.

ಸೆಟ್ಟಿಂಗ್‌ಗಳು

ವಿಂಡೋಸ್: ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ತೆಗೀರಿ. ಅಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅನ್ನೋದನ್ನ ಡಿಸೇಬಲ್ ಮಾಡಿ. ಇನ್ನೊಂದು, ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್‌ನ ಪ್ರಾಪರ್ಟೀಸ್‌ಗೆ ಹೋದ್ರೆ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್ ಸಿಗುತ್ತೆ. ಪವರ್ ಉಳಿಸೋಕೆ ಈ ಡಿವೈಸನ್ನ ಆಫ್ ಮಾಡಬಹುದು ಅಂತಿರೋ ಟಿಕ್ ತೆಗೀರಿ. ಮಾಡರ್ನ್ ಸ್ಟ್ಯಾಂಡ್‌ಬೈ ಇರೋ ಲ್ಯಾಪ್‌ಟಾಪ್‌ಗಳಲ್ಲಿ ಇವು ಕಾಣಿಸದೇ ಇರಬಹುದು. ಇವೆರಡೂ ಮುಖ್ಯವಾಗಿ ಮೂರನೇ ಥರದ ತೊಂದರೆಗೆ ಮದ್ದು. ಪೂರ್ತಿ ಸ್ಲೀಪ್‌ನಲ್ಲಿ ಪೋರ್ಟ್‌ಗೆ ಕರೆಂಟ್ ಕೊಡ್ಬೇಕಾ ಬೇಡ್ವಾ ಅನ್ನೋದು ಬಯೋಸ್ ಮತ್ತು ಮದರ್‌ಬೋರ್ಡ್ ಕೈಯಲ್ಲಿದೆ. ಡಿಸ್ಕ್ ಯಾವಾಗ ಹೋಯ್ತು ಅಂತ ತಿಳಿಯೋಕೆ ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ 157ನೇ ನಂಬರಿನ ಈವೆಂಟ್ ಹುಡುಕಿ. ಡಿಸ್ಕ್ ಹೇಳದೇ ಕೇಳದೇ ಹೋಗಿದೆ ಅಂತ ಅದರರ್ಥ. ಅದರ ಟೈಮನ್ನ ಸ್ಲೀಪ್ ಟೈಮ್ ಜೊತೆ ಹೋಲಿಸಿದ್ರೆ ಅರ್ಧ ಉತ್ತರ ಸಿಕ್ಕ ಹಾಗೆ.

ಲಿನಕ್ಸ್: ಎದ್ದ ಮೇಲೆ ಕರ್ನಲ್ ಲಾಗ್ ಓದಿ. ನಿಮ್ಮ ಡಿಸ್ಕ್ ಹೆಸರಿನ ಹತ್ತಿರ "ರಿಸೆಟ್" ಅಂತಿದ್ರೆ ಸಂಪರ್ಕ ಉಳಿದಿದೆ, "ಡಿಸ್‌ಕನೆಕ್ಟ್" ಅಂತಿದ್ರೆ ಕಡಿದು ಹೋಗಿದೆ. ಬ್ಯಾಟರಿ ಉಳಿಸೋಕೆ ಪವರ್‌ಟಾಪ್ ಅಥವಾ ಟಿಎಲ್‌ಪಿ ಹಾಕ್ಕೊಂಡಿದ್ರೆ, ಆಟೋಸಸ್ಪೆಂಡ್ ಪಟ್ಟಿಯಿಂದ ಡಿಸ್ಕನ್ನ ಹೊರಗಿಡಿ. ಡಿಸ್ಕ್ ಮತ್ತೆ ಬಂದಾಗ ಎಸ್‌ಡಿಬಿ ಇದ್ದದ್ದು ಎಸ್‌ಡಿಸಿ ಆಗಿರಬಹುದು. ಹಾಗಾಗಿ ಮೌಂಟ್ ಮಾಡೋಕೆ ಯುಯುಐಡಿ ಬಳಸೋದು ಒಳ್ಳೇದು.

ಮ್ಯಾಕ್: ಬ್ಯಾಟರಿ ಸೆಟ್ಟಿಂಗ್‌ನ ಆಪ್ಷನ್ಸ್‌ನಲ್ಲಿ, ಸಾಧ್ಯವಾದಾಗ ಹಾರ್ಡ್ ಡಿಸ್ಕ್‌ಗಳನ್ನ ಮಲಗಿಸು ಅನ್ನೋದನ್ನ ಆಫ್ ಮಾಡಿ ನೋಡಿ. ದೊಡ್ಡ ಕಾಪಿ ನಡೀತಿದ್ರೆ ಟರ್ಮಿನಲ್‌ನಲ್ಲಿ ಕೆಫಿನೇಟ್ ಕಮಾಂಡ್ ಕೊಟ್ರೆ ಅದು ಓಡ್ತಿರೋ ತನಕ ಮ್ಯಾಕ್ ತಾನಾಗೇ ಮಲಗಲ್ಲ. ಹೆಸರೇ ಹೇಳೋ ಹಾಗೆ ಕಾಫಿ ಕುಡಿಸಿದ ಹಾಗೆ! ಆದ್ರೆ ಮುಚ್ಚಳ ಮುಚ್ಚಿದ್ರೆ ಕಾಫಿನೂ ಕೆಲಸ ಮಾಡಲ್ಲ.

ಇಷ್ಟೆಲ್ಲ ಮಾಡಿದ್ರೂ ಸರಿ ಹೋಗ್ಲಿಲ್ಲ ಅಂದ್ರೆ, ಡಿಸ್ಕನ್ನ ಫ್ರೆಂಡ್ ಲ್ಯಾಪ್‌ಟಾಪ್‌ಗೆ ಹಾಕಿ ಅಲ್ಲೂ ಸ್ಲೀಪ್ ಮಾಡಿ ನೋಡಿ. ಅಲ್ಲೂ ಹೋದ್ರೆ ತಪ್ಪು ಡಿಸ್ಕ್ ಕಡೆ. ಯುಎಸ್‌ಬಿಯನ್ನ ಸಾಟಾಗೆ ಬದಲಾಯಿಸೋ ಪುಟ್ಟ ಬ್ರಿಡ್ಜ್ ಚಿಪ್ ಹೊರಗಿನ ಡಬ್ಬಿಯಲ್ಲಿರುತ್ತೆ. ಸಾಟಾ ಡಿಸ್ಕನ್ನ ಬೇರೆ ಡಬ್ಬಿಗೆ ಹಾಕಿದ್ರೆ ಎಷ್ಟೋ ಸಲ ಸರಿ ಹೋಗುತ್ತೆ.

ಮಾಡಲೇಬಾರದ ಕೆಲಸ

ಇಲ್ಲಿವರೆಗೆ ಹೇಳಿದ್ದು ಕಿರಿಕಿರಿ ತಪ್ಪಿಸೋಕೆ. ಇದು ಡೇಟಾ ಉಳಿಸೋಕೆ. ನೀವು ಸೇವ್ ಒತ್ತಿದ ತಕ್ಷಣ ಎಲ್ಲವೂ ಡಿಸ್ಕ್ ಮೇಲೆ ಬರೆದಾಗಿರುತ್ತೆ ಅಂತ ಏನಿಲ್ಲ. ಸ್ವಲ್ಪ ಭಾಗ ರ್‍ಯಾಮ್‌ನಲ್ಲಿ ಕಾಯ್ತಾ ಇರಬಹುದು. ಇದಕ್ಕೆ ರೈಟ್ ಕ್ಯಾಶ್ ಅಂತಾರೆ. ವಿಂಡೋಸ್ 10ರ 1809 ಆವೃತ್ತಿಯಿಂದ ಎಕ್ಸ್‌ಟರ್ನಲ್ ಡಿಸ್ಕ್‌ಗಳಿಗೆ ಕ್ವಿಕ್ ರಿಮೂವಲ್ ಡೀಫಾಲ್ಟ್ ಆಗಿರೋದ್ರಿಂದ ಈ ಅಪಾಯ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಎಕ್ಸ್‌ಫ್ಯಾಟ್ ಫಾರ್ಮ್ಯಾಟ್‌ನಲ್ಲಿ ಎನ್‌ಟಿಎಫ್‌ಎಸ್ ಅಥವಾ ಎಕ್ಸ್ಟ್4 ಹಾಗೆ ಜರ್ನಲ್ ಇಲ್ಲ. ಹಾಗಾಗಿ ಮಧ್ಯದಲ್ಲಿ ಕಡಿದು ಹೋದ್ರೆ ಚೇತರಿಸಿಕೊಳ್ಳೋದು ಕಷ್ಟ.

ಎಲ್ಲಕ್ಕಿಂತ ಅಪಾಯ ಇದು: ಲ್ಯಾಪ್‌ಟಾಪ್ ಸ್ಲೀಪ್ ಅಥವಾ ಹೈಬರ್ನೇಟ್‌ನಲ್ಲಿದೆ, ಇನ್ನೊಬ್ರು ಬಂದು ಡಿಸ್ಕ್ ಕಿತ್ಕೊಂಡು ಹೋಗಿ ತಮ್ಮ ಕಂಪ್ಯೂಟರ್‌ನಲ್ಲಿ ಫೈಲ್ ಹಾಕಿ, ವಾಪಸ್ ತಂದು ಚುಚ್ಚಿ ಇಡ್ತಾರೆ. ಚೌಕಾಬಾರ ಆಡ್ತಾ ಮಧ್ಯದಲ್ಲಿ ಎದ್ದು ಹೋದಾಗ ಯಾರೋ ಕಾಯಿ ಸರಿಸಿದ ಹಾಗೆ. ನಿಮ್ಮ ಲ್ಯಾಪ್‌ಟಾಪ್ ಮಾತ್ರ ಹಳೇ ಮನೆಗಳನ್ನೇ ನೆನಪಿಟ್ಟುಕೊಂಡು ಆಟ ಮುಂದುವರಿಸಬಹುದು. ಆಗ ಒಂದು ಫೈಲ್ ಇದ್ದ ಜಾಗದ ಮೇಲೆ ಇನ್ನೊಂದು ಬರೆದು, ಇಡೀ ಫೈಲ್ ಸಿಸ್ಟಮ್ ಹಾಳಾಗಬಹುದು. ಲೈಟ್ ಆಫ್ ಆಗಿದೆ, ಡಿಸ್ಕ್ ತಿರುಗ್ತಿಲ್ಲ ಅಂದ ಮಾತ್ರಕ್ಕೆ ಎಜೆಕ್ಟ್ ಆಗಿದೆ ಅಂತ ಅಲ್ಲ.

ಹಾಗಾಗಿ ರೂಢಿ ಮಾಡಿಕೊಳ್ಳಬೇಕಾದ್ದು ಇಷ್ಟೇ:

- ಮುಚ್ಚಳ ಮುಚ್ಚೋ ಮುಂಚೆ ಡಿಸ್ಕ್ ಎಜೆಕ್ಟ್ ಮಾಡಿ. ಹತ್ತು ಸೆಕೆಂಡ್ ಕೆಲಸ.
- ದೊಡ್ಡ ಕಾಪಿ ಹಾಕಿದಾಗ ಚಾರ್ಜರ್ ಹಾಕಿ, ಸ್ಲೀಪ್ ಟೈಮರ್ ಆಫ್ ಮಾಡಿ, ಮುಚ್ಚಳ ತೆರೆದೇ ಇಡಿ.
- ಇನ್ನೊಬ್ರಿಗೆ ಡಿಸ್ಕ್ ಕೊಡುವಾಗ ಮೊದಲು ನಿಮ್ಮ ಲ್ಯಾಪ್‌ಟಾಪ್ ಎಬ್ಬಿಸಿ, ಎಜೆಕ್ಟ್ ಮಾಡಿ ಕೊಡಿ.
- ಡಿಸ್ಕ್ ಹೇಳದೇ ಹೋಗಿ ಬಂದಿದ್ರೆ, ಹೊಸದೇನೂ ಬರೆಯೋ ಮುಂಚೆ ಮುಖ್ಯ ಫೈಲ್‌ಗಳನ್ನ ಬೇರೆ ಕಡೆ ಕಾಪಿ ಮಾಡಿ. ಆಮೇಲೆ ಎರರ್ ಚೆಕ್ ಓಡಿಸಿ.

ಸೆಟ್ಟಿಂಗ್ ಸರಿ ಮಾಡಿದ್ರೆ ಡಿಸ್ಕ್ ಮಾಯ ಆಗೋದು ಕಡಿಮೆ ಆಗುತ್ತೆ. ಆದ್ರೆ ಪ್ರಾಜೆಕ್ಟ್ ಫೈಲ್ ಒಂದೇ ಡಿಸ್ಕ್‌ನಲ್ಲಿ ಇದೆ ಅಂದ್ರೆ ಅದಕ್ಕೆ ಬ್ಯಾಕಪ್ ಇಲ್ಲ ಅಂತಲೇ ಅರ್ಥ. ಸಬ್‌ಮಿಶನ್‌ಗೆ ಇನ್ನೂ ಟೈಮ್ ಇರುವಾಗಲೇ ಎರಡನೇ ಕಾಪಿ ಮಾಡಿ ಇಟ್ಕೊಳ್ಳಿ.