ಎಣ್ಣೆ ಬೇಡದ ಗಾಳಿಯಂತ್ರಕ್ಕೆ ಕೀಲೆಣ್ಣೆ ಯಾವುದು?

ಔಡಲೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ ಬಂಡಿಯ ಅಚ್ಚಿಗೆ ಹಚ್ಚುತ್ತಿದ್ದುದನ್ನು ನಾರಾಯಣಪೇಟೆ, ಮಕ್ತಲ್ ಕಡೆಯ ಹಿರಿಯರು ಮರೆತಿರಲಾರರು. ಕೀಲೆಣ್ಣೆಯಿಲ್ಲದ ಬಂಡಿ ಕಿರುಗುಟ್ಟುತ್ತದೆ, ಅಚ್ಚು ಕಾಯುತ್ತದೆ, ಎತ್ತು ದಣಿಯುತ್ತದೆ. ಉಜ್ಜಾಡುವ ವಸ್ತುವಿಗೆ ಎಣ್ಣೆ ಬೇಕೆಂಬುದು ರೈತನಿಗೆ ಯಾರೂ ಕಲಿಸಬೇಕಾದ ಪಾಠವಲ್ಲ. ಆ ಪಾಠವನ್ನೇ ನಂಬಿ ನಾವು ಒಂದು ಯಂತ್ರವನ್ನು ಕೆಡಿಸಿದೆವು.

ಟೈರಿನ ಬಂಡಿಗೆ ಗಾಳಿ ತುಂಬಲೂ ಟ್ರಾಕ್ಟರಿನ ಜಾಲಿಯ ಧೂಳು ಊದಲೂ ಚಿಕ್ಕದೊಂದು ಕಂಪ್ರೆಸರನ್ನು ತಂದಿದ್ದೆವು. ಅದರ ಮೇಲೆ ‘ಆಯಿಲ್ ಫ್ರೀ’ ಎಂದು ಬರೆದಿತ್ತು. ಎಣ್ಣೆ ಹಾಕುವ ರಂಧ್ರ ಎಲ್ಲಿಯೂ ಕಾಣಲಿಲ್ಲ. ಸದ್ದು ಬಹಳ ಮಾಡುತ್ತಿದ್ದುದರಿಂದ, ಗಾಳಿ ಎಳೆದುಕೊಳ್ಳುವ ಬಾಯಿಂದಲೇ ನಾಲ್ಕು ಹನಿ ಹೊಲಿಗೆಯಂತ್ರದ ಎಣ್ಣೆ ಬಿಟ್ಟೆವು. ಕೆಲವು ದಿನ ಸದ್ದು ಇಳಿದಂತೆ ತೋರಿತು. ತೊಗರಿಯ ರಾಶಿ ಮುಗಿಯುವಷ್ಟರಲ್ಲಿ ಯಂತ್ರ ತಿರುಗುತ್ತಿತ್ತು, ಗಾಳಿ ಮಾತ್ರ ಏರುತ್ತಿರಲಿಲ್ಲ. ಗದ್ವಾಲದ ರಿಪೇರಿಯವನು ಅದನ್ನು ಬಿಚ್ಚಿ, ಒಳಗಿನಿಂದ ಕರಿಯ ಅಂಟನ್ನು ಬೆರಳಲ್ಲಿ ತೆಗೆದು ತೋರಿಸಿ, “ಎಣ್ಣೆ ಬಿಟ್ಟಿರೇನು?” ಎಂದು ಕೇಳಿದ. ನಾವು ಮೇಷ್ಟರೆಂಬುದು ಅವನಿಗೆ ಗೊತ್ತಿತ್ತು, ಹೆಚ್ಚು ಮಾತಾಡಲಿಲ್ಲ.

ಹಾಗಾದರೆ ಈ ಯಂತ್ರದ ಕೀಲೆಣ್ಣೆ ಎಲ್ಲಿದೆ?

ಮೊದಲು ಸಾಮಾನ್ಯ ಕಂಪ್ರೆಸರನ್ನು ನೋಡೋಣ. ಅದರ ಬುಡದಲ್ಲಿ ಎಣ್ಣೆಯ ತೊಟ್ಟಿಯುಂಟು. ಪಿಸ್ಟನ್ನನ್ನು ಆಡಿಸುವ ಕೋಲಿನ ತುದಿ ಪ್ರತಿ ಸುತ್ತಿಗೂ ಆ ಎಣ್ಣೆಯಲ್ಲಿ ಮುಳುಗಿ ಮೇಲಕ್ಕೆ ಎರಚುತ್ತದೆ. ಸಿಲಿಂಡರಿನ ಗೋಡೆಗೆ ತೆಳುವಾದ ಎಣ್ಣೆಯ ಪದರು ಹತ್ತಿ, ಪಿಸ್ಟನ್ನಿನ ಉಂಗುರಗಳು ಅದರ ಮೇಲೆ ಜಾರುತ್ತವೆ. ಏರ್ಪಾಡು ಒಳ್ಳೆಯದೇ. ಆದರೆ ಉಂಗುರವನ್ನು ದಾಟಿ ಸ್ವಲ್ಪ ಎಣ್ಣೆ ಗಾಳಿಯೊಡನೆ ಹೊರಕ್ಕೆ ಹೋಗದೆ ಇರದು. ಟೈರಿಗೆ ಅದರಿಂದ ಹಾನಿಯಿಲ್ಲ. ಮನುಷ್ಯನ ಬಾಯಿಗೋ ಮೂಗಿಗೋ ಹೋಗುವ ಗಾಳಿಯ ಮಾತು ಬೇರೆ.

2021ರ ಕೋವಿಡ್ ಹಾವಳಿಯಲ್ಲಿ ರೋಗಿಯ ಮಂಚದ ಪಕ್ಕದಲ್ಲಿಡುತ್ತಿದ್ದ ಆಮ್ಲಜನಕದ ಪೆಟ್ಟಿಗೆಯನ್ನು ಹಲವರು ನೋಡಿರಬಹುದು. ಅದರ ಹೊಟ್ಟೆಯಲ್ಲಿರುವುದು ಇಂಥದೇ ಎಣ್ಣೆರಹಿತ ಕಂಪ್ರೆಸರು. ಅದು ಕೋಣೆಯ ಗಾಳಿಯನ್ನು ಜಿಯೊಲೈಟ್ ಎಂಬ ಹರಳುಗಳ ನಡುವೆ ಒತ್ತುತ್ತದೆ. ಹರಳುಗಳು ಸಾರಜನಕವನ್ನು ಹಿಡಿದಿಟ್ಟುಕೊಂಡು ಆಮ್ಲಜನಕವನ್ನು ಮುಂದಕ್ಕೆ ಬಿಡುತ್ತವೆ. ಎಣ್ಣೆಯ ಆವಿ ಬಂದರೆ ಹರಳು ಕೆಡುವುದು, ರೋಗಿಯ ಎದೆಗೂ ಕೇಡು. ಹಲ್ಲಿನ ವೈದ್ಯರು ಬಳಸುವ ಗಾಳಿಯೂ ಎಣ್ಣೆಯಿಲ್ಲದ್ದೇ ಆಗಬೇಕು.

ಇಲ್ಲಿ ಜಾರಿಸುವ ಗುಣವನ್ನು ಉಂಗುರದ ಮೈಯಲ್ಲಿಯೇ ಇಟ್ಟಿದ್ದಾರೆ. ಶಾಲೆಯ ಹುಡುಗರು ಕೇರಂ ಹಲಗೆಯ ಮೇಲೆ ಬೋರಿಕ್ ಪುಡಿ ಉದುರಿಸುವುದನ್ನು ನೆನೆಯಿರಿ. ಎಣ್ಣೆ ಒಂದು ಹನಿಯೂ ಇಲ್ಲ, ಬಿಲ್ಲೆ ಮಾತ್ರ ಸರ್ರನೆ ಹೋಗುತ್ತದೆ. ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟೂ ಹಾಗೆಯೇ. ಅದರ ಪದರುಗಳು ಒಂದರ ಮೇಲೊಂದು ಜಾರುತ್ತವೆ. ಒಣಗಿಯೇ ಜಾರಿಸುವ ವಸ್ತುಗಳ ಈ ಬಳಗಕ್ಕೆ ಟೆಫ್ಲಾನ್ ಸೇರಿತು. 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞ ಬೇರೇನನ್ನೋ ಹುಡುಕುತ್ತಿದ್ದಾಗ ಅನಿಲದ ಸಿಲಿಂಡರಿನಲ್ಲಿ ಇದನ್ನು ಕಂಡ. ಅಂಟದ ದೋಸೆಹಂಚಿಗೆ ಬಳಿಯುವುದೂ ಇದನ್ನೇ.

ಬರಿಯ ಟೆಫ್ಲಾನ್ ಮೆದು, ಬೇಗ ಸವೆಯುತ್ತದೆ. ಆದುದರಿಂದ ಅದರಲ್ಲಿ ಇಂಗಾಲದ ಪುಡಿ, ಗಾಜಿನ ಎಳೆ ಮುಂತಾದವನ್ನು ಬೆರೆಸಿ ಉಂಗುರ ಮಾಡುತ್ತಾರೆ. ಯಂತ್ರ ಆಡತೊಡಗಿದಾಗ ಉಂಗುರದಿಂದ ಕಣ್ಣಿಗೆ ಕಾಣದಷ್ಟು ತೆಳುವಾದ ಪದರು ಗೋಡೆಗೆ ಮೆತ್ತಿಕೊಳ್ಳುತ್ತದೆ. ಬಳಿಕ ಟೆಫ್ಲಾನಿನ ಮೇಲೆ ಟೆಫ್ಲಾನ್ ಜಾರುತ್ತದೆ. ನಾವು ಬಿಟ್ಟ ನಾಲ್ಕು ಹನಿ ಎಣ್ಣೆ ಆ ಪದರು ಹತ್ತಲು ಬಿಡಲಿಲ್ಲ. ಸಾಲದ್ದಕ್ಕೆ ರಾಶಿಯ ಧೂಳನ್ನೂ ಹಿಡಿದು ಸಾಣೆಯ ಹಿಟ್ಟಿನಂತೆ ಮಾಡಿತು.

ಚಿಕ್ಕ ಯಂತ್ರಗಳಲ್ಲಿ ಉಂಗುರದ ಬದಲು ಟೆಫ್ಲಾನಿನ ಬಟ್ಟಲೇ ಇರುವುದುಂಟು. ಸೈಕಲ್ ಪಂಪಿನ ಚರ್ಮದ ಬಟ್ಟಲಿನ ಅಣ್ಣತಮ್ಮ ಎನ್ನಿ. ಚರ್ಮ ಒಣಗಿದರೆ ಎಣ್ಣೆ ಕೇಳುತ್ತದೆ, ಇದು ಕೇಳದು. ಇನ್ನು ತಿರುಗುವ ಅಚ್ಚಿನ ಬೇರಿಂಗುಗಳಿಗೆ ಗ್ರೀಸ್ ಇದ್ದೇ ಇದೆ. ಕಾರ್ಖಾನೆಯಲ್ಲಿ ತುಂಬಿ ಮುಚ್ಚಿರುತ್ತಾರೆ, ಗಾಳಿಯ ದಾರಿಗೆ ಅದು ಬರುವುದಿಲ್ಲ. ದೊಡ್ಡ ಯಂತ್ರಗಳಲ್ಲಿ ಎರಡು ತಿರುಪುಗಳು ಒಂದನ್ನೊಂದು ಮುಟ್ಟದೆ ತಿರುಗುತ್ತವೆ. ಅವನ್ನು ಹೊಂದಿಸುವ ಹಲ್ಲುಗಾಲಿಗಳು ಬೇರೆ ಪೆಟ್ಟಿಗೆಯಲ್ಲಿ ಎಣ್ಣೆಯಲ್ಲೇ ಇರುತ್ತವೆ. ಎಣ್ಣೆರಹಿತವೆಂದರೆ ಗಾಳಿ ಮುಟ್ಟುವ ಕಡೆ ಎಣ್ಣೆಯಿಲ್ಲ ಎಂದಷ್ಟೇ ಅರ್ಥ. ಇದು ವಿಚಿತ್ರವೆನಿಸಿದರೆ ಬೋರಿನಲ್ಲಿ ಇಳಿಬಿಟ್ಟ ಮೋಟರನ್ನು ನೋಡಬಹುದು. ನೀರು ತುಂಬಿ ಇಳಿಸುವ ಬಗೆಯ ಮೋಟರಿಗೆ ಆ ನೀರೇ ಕೀಲೆಣ್ಣೆ.

ಎಣ್ಣೆ ಜಾರಿಸುವುದಷ್ಟೇ ಅಲ್ಲ, ಕಾವನ್ನೂ ಒಯ್ಯುತ್ತಿತ್ತು. ಇಲ್ಲಿ ಆ ಸಹಾಯವಿಲ್ಲ. ಒತ್ತಿದ ಗಾಳಿ ಎಷ್ಟು ಕಾಯುವುದೆಂಬುದು ಸೈಕಲ್ ಪಂಪು ಹಿಡಿದ ಕೈಗೆ ಗೊತ್ತು. ಆದುದರಿಂದ ಚಿಕ್ಕ ಎಣ್ಣೆರಹಿತ ಕಂಪ್ರೆಸರಿಗೆ ನಡುನಡುವೆ ಬಿಡುವು ಕೊಡತಕ್ಕದ್ದು, ನೆರಳಲ್ಲಿ ಇಡತಕ್ಕದ್ದು. ಗಾಳಿ ಸೋಸುವ ಜಾಲಿಯನ್ನು ರಾಶಿಯ ದಿನಗಳಲ್ಲಿ ದಿನವೂ ನೋಡಬೇಕು. ಉಂಗುರ ಹೇಗೂ ಸವೆಯುವ ವಸ್ತು; ಗಾಳಿ ತುಂಬಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿದರೆ ಅದನ್ನು ಬದಲಿಸುವ ಕಾಲ ಬಂದಿತೆಂದು ತಿಳಿಯಬಹುದು.

ಒಂದು ಮಾತು ಉಳಿಯಿತು. ನೀರು ಕಡಿಮೆಯಿರುವ ಬೋರಿಗೆ ಕಂಪ್ರೆಸರು ಕೂಡಿಸಿ, ಗಾಳಿ ಊದಿ ನೀರೆತ್ತುವ ರೂಢಿಯುಂಟು. ಆ ಯಂತ್ರಗಳು ಸಾಮಾನ್ಯವಾಗಿ ಎಣ್ಣೆಯವೇ. ಹೊಲಕ್ಕೆ ಹರಿಸುವ ನೀರಾದರೆ ನಡೆದೀತು. ಅದೇ ನೀರನ್ನು ಮನೆಗೂ ಶಾಲೆಗೂ ಕೊಡದಲ್ಲಿ ಒಯ್ಯುವವರು, ಕೊಡ ತುಂಬಿದ ಮೇಲೆ ಬಿಸಿಲಿಗೆ ಹಿಡಿದು ಮೇಲ್ಮೈ ನೋಡಿರಿ. ಬಣ್ಣಬಣ್ಣದ ಪೊರೆ ತೇಲಿದರೆ, ಎಣ್ಣೆಯ ವಾಸನೆ ಬಂದರೆ ಕುಡಿಯತಕ್ಕದ್ದಲ್ಲ. ಉಂಗುರ ಸವೆದು ಎಣ್ಣೆ ನೀರಿಗೆ ಇಳಿಯುತ್ತಿದೆ. ಮಕ್ಕಳು ಕುಡಿಯುವ ನೀರಿಗೆ ಎಣ್ಣೆರಹಿತವನ್ನೋ ಮುಳುಗುವ ಮೋಟರನ್ನೋ ಇಡುವುದೇ ಸರಿ. ಬೆಲೆ ಹೆಚ್ಚೆಂದು ಅಂಜುವವರು ನಾಲ್ಕು ಮನೆ ಕೂಡಿ ತರಬಹುದು.

ನಮ್ಮ ಕಂಪ್ರೆಸರು ಹೊಸ ಉಂಗುರದೊಡನೆ ಮನೆಗೆ ಬಂದಿದೆ. ಸದ್ದು ಮೊದಲಿನಷ್ಟೇ ಮಾಡುತ್ತದೆ, ಮಾಡಲಿ. ‘ಎಣ್ಣೆ ಹಾಕಬಾರದು’ ಎಂದು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆದು ಅದರ ನೆತ್ತಿಗೆ ಅಂಟಿಸಿದ್ದೇವೆ.