ನಾಗಪುರಕ್ಕೆ ಬಾರದ ಸಣ್ಣ ಸಿನಿಮಾ

ಸಿನಿಮಾ ವ್ಯಾಪಾರಕ್ಕೆ ಅದರದ್ದೇ ಆದ ಒಂದು ಹಳೆಯ ನಕಾಶೆ ಇದೆ. ನಾನಿರುವ ನಾಗಪುರ ಆ ನಕಾಶೆಯಲ್ಲಿ ಇಂದಿಗೂ ‘ಸಿ.ಪಿ. ಬೇರಾರ್’ ವಲಯಕ್ಕೆ ಸೇರಿದ ಊರು. ಸೆಂಟ್ರಲ್ ಪ್ರಾವಿನ್ಸಸ್ ಅಂಡ್ ಬೇರಾರ್ ಎಂಬ ಬ್ರಿಟಿಷರ ಕಾಲದ ಪ್ರಾಂತ್ಯ ಮರೆಯಾಯಿತು, 1956ರಲ್ಲಿ ರಾಜ್ಯಗಳ ಗಡಿಗಳೇ ಬದಲಾದವು. ಹಂಚಿಕೆದಾರರ ಲೆಕ್ಕದ ಪುಸ್ತಕದಲ್ಲಿ ಮಾತ್ರ ಹೆಸರು ಉಳಿದುಕೊಂಡಿದೆ. ಹಿಂದಿ ಚಿತ್ರಗಳ ಹಕ್ಕು ಮಾರುವಾಗ ನಮ್ಮ ಕರ್ನಾಟಕವೂ ಹೀಗೆಯೇ ಹರಿದು ಹಂಚಿಹೋಗುತ್ತದೆ: ಹಳೇ ಮೈಸೂರಿನ ಕಡೆಗೆ ಮೈಸೂರು ವಲಯ, ಬೀದರ್-ಕಲಬುರಗಿ-ರಾಯಚೂರಿಗೆ ನಿಜಾಂ, ಹುಬ್ಬಳ್ಳಿ-ಬೆಳಗಾವಿಯ ಕಡೆಗೆ ಬಾಂಬೆ.

ಸಿ.ಪಿ. ಬೇರಾರಿಗೆ ಕನ್ನಡದ ಸಿನಿಮಾ ಬರುವುದೇ ಇಲ್ಲ ಎಂದಲ್ಲ. 2022ರಲ್ಲಿ ‘ಕೆಜಿಎಫ್ 2’ ಬಂತು, ‘ಕಾಂತಾರ’ವೂ ಬಂತು. ಆದರೆ ಬಂದದ್ದು ಹಿಂದಿಯಲ್ಲಿ. ಇಲ್ಲಿಯೇ ಹುಟ್ಟಿ ಬೆಳೆಯುತ್ತಿರುವ ನನ್ನ ಮಗಳು ಪಂಜುರ್ಲಿಯ ಕಥೆಯನ್ನು ಹಿಂದಿಯಲ್ಲಿ ಕೇಳಿದಳು. ದೊಡ್ಡ ಸಿನಿಮಾ ನಮ್ಮವರೆಗೆ ಬರುತ್ತದೆ, ಭಾಷೆಯನ್ನು ಅಲ್ಲೇ ಬಿಟ್ಟು ಬರುತ್ತದೆ. ‘ತಿಥಿ’ಯಂಥ ಸಣ್ಣ ಸಿನಿಮಾಕ್ಕೆ ಭಾಷೆ ಬಿಡಲು ಆಗುವುದಿಲ್ಲ. ಮಂಡ್ಯದ ನೊದೆಕೊಪ್ಪಲಿನ ಗಡ್ಡಪ್ಪ ಹಿಂದಿ ಮಾತಾಡಿದರೆ ಅಲ್ಲಿ ಉಳಿಯುವುದೇನು? ಕನ್ನಡವನ್ನು ಕನ್ನಡವಾಗಿಯೇ ಉಳಿಸಿಕೊಳ್ಳುವ ಚಿತ್ರಗಳೇ ನಮ್ಮೂರಿನ ಪರದೆಗೆ ಬಾರದ ಚಿತ್ರಗಳು. ಹೊರನಾಡಿನಲ್ಲಿರುವ ನಮಗೆ ಇದು ಸಣ್ಣ ನಷ್ಟವಲ್ಲ.

ಇದಕ್ಕೆ ಕಾರಣ ಯಾರದೋ ದ್ವೇಷವಲ್ಲ, ಲೆಕ್ಕ. ಹಿಂದಿ ನಿರ್ಮಾಪಕರಿಗೂ ಮಲ್ಟಿಪ್ಲೆಕ್ಸ್‌ಗಳಿಗೂ ದೊಡ್ಡ ಜಟಾಪಟಿಯಾಗಿ 2009ರಲ್ಲಿ ಒಂದು ಒಪ್ಪಂದವಾಯಿತು. ತೆರಿಗೆ ಕಳೆದ ಹಣದಲ್ಲಿ ಹಂಚಿಕೆದಾರನಿಗೆ ಮೊದಲ ವಾರ ಶೇ. 50, ಎರಡನೇ ವಾರ ಶೇ. 42.5, ಮೂರನೇ ವಾರ ಶೇ. 37.5, ಆಮೇಲೆ ಶೇ. 30. ಊರು, ಭಾಷೆ, ಚಿತ್ರಕ್ಕೆ ತಕ್ಕಂತೆ ಷರತ್ತುಗಳು ಬದಲಾಗುತ್ತವೆ. ಆದರೂ ವ್ಯಾಪಾರದ ಸ್ವಭಾವ ಅರಿಯಲು ಇದೊಂದು ಉದಾಹರಣೆ ಸಾಕು. 236 ರೂಪಾಯಿಯ ಟಿಕೆಟ್ಟಿನಲ್ಲಿ ಶೇ. 18ರ ಜಿಎಸ್‌ಟಿ 36 ರೂಪಾಯಿ ಹೋಗಿ 200 ಉಳಿಯಿತು ಎಂದುಕೊಳ್ಳಿ. ಮೊದಲ ವಾರ ಹಂಚಿಕೆದಾರನ ಕೈಗೆ 100 ರೂಪಾಯಿ, ಮೂರನೇ ವಾರ 75, ನಾಲ್ಕನೆಯದಕ್ಕೆ 60. ಪ್ರಚಾರದ ಖರ್ಚು, ಡಿಜಿಟಲ್ ಪ್ರದರ್ಶನದ ಶುಲ್ಕ, ಹಂಚಿಕೆದಾರನ ಕಮಿಷನ್ ಎಲ್ಲ ಕಳೆದ ಮೇಲೆ ಉಳಿದರೆ ನಿರ್ಮಾಪಕನಿಗೆ.

ದೊಡ್ಡ ತಾರೆಯ ಚಿತ್ರಕ್ಕೆ ಮೊದಲ ಮೂರು ದಿನದಲ್ಲೇ ಜನ ಮುಗಿಬೀಳುತ್ತಾರೆ, ಅದಕ್ಕೆ ಈ ಲೆಕ್ಕ ಒಗ್ಗುತ್ತದೆ. ಸಣ್ಣ ಚಿತ್ರಕ್ಕೆ ಬಾಯಿಮಾತೇ ಪ್ರಚಾರ. ನೋಡಿದವರು ಹೇಳಿ, ಕೇಳಿದವರು ಬರುವ ಹೊತ್ತಿಗೆ ಎರಡು ವಾರ ಕಳೆದಿರುತ್ತದೆ. ಪ್ರೇಕ್ಷಕರು ಹೆಚ್ಚುವಾಗ ಪಾಲು ಇಳಿದಿರುತ್ತದೆ. ಅಷ್ಟು ದಿನ ಚಿತ್ರ ಉಳಿದರೆ ತಾನೆ! ಶುಕ್ರವಾರ ಬೆಳಗಿನ ಆಟದಲ್ಲಿ ಕುರ್ಚಿಗಳು ಖಾಲಿಯಿದ್ದರೆ ಸೋಮವಾರದ ಪಟ್ಟಿಯಲ್ಲಿ ಹೆಸರಿರುವುದಿಲ್ಲ.

ನಾಗಪುರಕ್ಕೇ ಸೇರಿದ ಒಂದು ಕಥೆಯನ್ನು ನೋಡಿ. ಇಲ್ಲಿನ ಹಿಸ್ಲಾಪ್ ಕಾಲೇಜಿನಲ್ಲಿ ಕ್ರೀಡಾ ಶಿಕ್ಷಕರಾಗಿದ್ದ ವಿಜಯ್ ಬಾರ್ಸೆ ಕೊಳೆಗೇರಿಯ ಮಕ್ಕಳಿಗೆ ಫುಟ್ಬಾಲ್ ಕಲಿಸಿದರು. ಅದನ್ನು ನಾಗರಾಜ್ ಮಂಜುಳೆ 2022ರಲ್ಲಿ ‘ಝುಂಡ್’ ಮಾಡಿದರು. ಇಲ್ಲಿನ ಬಸ್ತಿಗಳ ಹುಡುಗರೇ ನಟರು, ಅವರ ನಾಗಪುರಿ ಹಿಂದಿ ಹಾಗೆಯೇ ಪರದೆಗೆ ಬಂತು. ಆದರೆ ಆ ಹುಡುಗರ ಪಕ್ಕದಲ್ಲಿ ಅಮಿತಾಭ್ ಬಚ್ಚನ್ ನಿಂತಿದ್ದರು. ಆ ಹೆಸರಿಲ್ಲದೆ ದೇಶದ ಉದ್ದಗಲಕ್ಕೂ ಅಷ್ಟು ಪರದೆಗಳು ಸಿಗುತ್ತಿದ್ದವೆಂದು ನನಗನ್ನಿಸುವುದಿಲ್ಲ. ತಾರೆಯ ಹೆಸರು ಮೊದಲ ವಾರವನ್ನು ಕೊಂಡುಕೊಡುತ್ತದೆ.

ತಾರೆಯಿಲ್ಲದವರು ಏನು ಮಾಡಬೇಕು? ಹಣದ ಮಟ್ಟಿಗೆ ಕನ್ನಡದಲ್ಲಿ ಉತ್ತರ ಸಿಕ್ಕಿದೆ. ನಿರ್ಮಾಪಕರು ಸಿಗದೆ ಪವನ್ ಕುಮಾರ್ ನೇರವಾಗಿ ಪ್ರೇಕ್ಷಕರನ್ನೇ ಕೇಳಿದರು. 27 ದಿನಗಳಲ್ಲಿ 110 ಜನ ಸೇರಿ ಸುಮಾರು 51 ಲಕ್ಷ ರೂಪಾಯಿ ಕೊಟ್ಟರು. 2013ರಲ್ಲಿ ‘ಲೂಸಿಯಾ’ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿ ಗಳಿಸಿ, ಸೆಪ್ಟೆಂಬರಿನಲ್ಲಿ ಕರ್ನಾಟಕದಲ್ಲಿ ತೆರೆಕಂಡಿತು. ಅದರ ನಾಯಕ ಥಿಯೇಟರಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವವನು, ಮಾಲೀಕ ಶಂಕರಣ್ಣನಿಗೆ ಆ ಹಳೇ ಟಾಕೀಸನ್ನು ಉಳಿಸಿಕೊಳ್ಳುವ ಚಿಂತೆ. ಹತ್ತು ವರ್ಷದ ನಂತರ, 2023ರಲ್ಲಿ, ಪೂರ್ಣಚಂದ್ರ ತೇಜಸ್ವಿಯವರ ಸುಮಾರು ನೂರು ಓದುಗರು ಹಣ ಹಾಕಿ ಅವರ ಕಥೆಯನ್ನು ‘ಡೇರ್‌ಡೆವಿಲ್ ಮುಸ್ತಾಫಾ’ ಮಾಡಿದರು. ನಿರ್ದೇಶಕ ಶಶಾಂಕ್ ಸೋಗಾಲ್ ಅವರಿಗೆ ಅದು ಮೊದಲ ಚಿತ್ರ.

ಹಾಗಾಗಿ ಹಣಕ್ಕಿಂತ ಪರದೆಯ ಪ್ರಶ್ನೆ ಕಠಿಣವಾದದ್ದು. ಅದಕ್ಕೆ ಉತ್ತರದ ಎಳೆ 1976ರ ‘ಮಂಥನ್’ನಲ್ಲಿದೆ. ಶ್ಯಾಮ್ ಬೆನಗಲ್ ನಿರ್ದೇಶಿಸಿ, ನಮ್ಮ ಗಿರೀಶ ಕಾರ್ನಾಡರು ನಾಯಕರಾಗಿದ್ದ ಆ ಚಿತ್ರಕ್ಕೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟರು. ಎರಡು ರೂಪಾಯಿ ಕೊಟ್ಟು ಸುಮ್ಮನಾಗಲಿಲ್ಲ. ಚಿತ್ರ ಬಂದಾಗ ಲಾರಿಗಳಲ್ಲಿ ಹಳ್ಳಿಹಳ್ಳಿಯಿಂದ ಬಂದು ನೋಡಿದರು. ಹಣ ಹಾಕಿದವರೇ ಮೊದಲ ವಾರದ ಪ್ರೇಕ್ಷಕರೂ ಆದರು.

ಹೊರನಾಡ ಕನ್ನಡ ಸಂಘಗಳು ಮಾಡಬಹುದಾದದ್ದೂ ಇದೇ. ನಾವು ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಕರೆಸುತ್ತೇವೆ, ಯಕ್ಷಗಾನದ ಮೇಳ ಕರೆಸುತ್ತೇವೆ, ಅವರ ಸಂಭಾವನೆ, ಪ್ರಯಾಣ, ಊಟಕ್ಕೆ ಚಂದಾ ಎತ್ತುತ್ತೇವೆ. ಸಿನಿಮಾಕ್ಕೆ ಮಾತ್ರ ಚಂದಾ ಎತ್ತುವ ಅಭ್ಯಾಸ ನಮಗಿಲ್ಲ. ಎಂಬತ್ತು ಮಂದಿ ಮುಂಗಡ ಹಣ ಕೊಟ್ಟರೆ ಮಲ್ಟಿಪ್ಲೆಕ್ಸಿನ ಒಂದು ಸಣ್ಣ ಪರದೆಯನ್ನು ಭಾನುವಾರ ಬೆಳಗಿನ ಒಂದು ಆಟಕ್ಕೆ ಕೇಳಲು ಧೈರ್ಯ ಬರುತ್ತದೆ. ಮ್ಯಾನೇಜರಿಗೆ ಬೇಕಾದದ್ದು ತುಂಬಿದ ಕುರ್ಚಿ, ಅದು ಯಾವ ಭಾಷೆಯ ಚಿತ್ರದ್ದು ಎಂಬುದು ಅವನಿಗೆ ಮುಖ್ಯವಲ್ಲ.

ಇದನ್ನು ಕ್ರಮವಾಗಿಯೇ ಮಾಡಬೇಕು. ನಮ್ಮ ಮನೆಯ ಓಟಿಟಿ ಚಂದಾ ಮನೆಯ ನೋಟಕ್ಕಷ್ಟೇ. ಅದನ್ನು ಸಂಘದ ಸಭಾಂಗಣದ ಪ್ರೊಜೆಕ್ಟರಿಗೆ ಸಿಕ್ಕಿಸಿದರೆ ಚಿತ್ರ ಮಾಡಿದವರಿಗೆ ಒಂದು ರೂಪಾಯಿಯೂ ಹೋಗುವುದಿಲ್ಲ, ಪ್ರದರ್ಶನದ ಹಕ್ಕೂ ನಮಗಿರುವುದಿಲ್ಲ. ನಿರ್ಮಾಪಕರಿಗೇ ಬರೆದು, ಸೆನ್ಸಾರ್ ಪ್ರಮಾಣಪತ್ರವಿರುವ ಪ್ರತಿಯನ್ನು ಒಂದು ಆಟಕ್ಕೆ ಇಷ್ಟು ಎಂದು ಮಾತಾಡಿ ತರಿಸಬೇಕು. ಸಣ್ಣ ಚಿತ್ರಗಳ ನಿರ್ಮಾಪಕರನ್ನು ತಲುಪುವುದು ತಾರೆಯರ ಕಚೇರಿಗಳನ್ನು ತಲುಪಿದಷ್ಟು ಕಷ್ಟವಲ್ಲ. ಇನ್ನೊಂದು ಅನುಕೂಲವೂ ಇದೆ. ಹೊರದೇಶದ ಚಿತ್ರೋತ್ಸವಗಳಿಗೆ ಹೋಗಿಬಂದ ಚಿತ್ರಗಳಿಗೆ ಇಂಗ್ಲಿಷ್ ಅಡಿಬರಹ ಆಗಲೇ ಸಿದ್ಧವಿರುತ್ತದೆ. 2022ರಲ್ಲಿ ಬೂಸಾನಿನಲ್ಲಿ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಗೆದ್ದ ‘ಶಿವಮ್ಮ’ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಕಥೆ. ಅಂಥ ಚಿತ್ರಕ್ಕೆ ನಮ್ಮ ಮರಾಠಿ ನೆರೆಯವರನ್ನೂ, ಕನ್ನಡ ಓದಲು ಬಾರದ ನಮ್ಮದೇ ಮಕ್ಕಳನ್ನೂ ಕರೆಯಬಹುದು. ಕಿವಿಗೆ ಕನ್ನಡ, ಕಣ್ಣಿಗೆ ಅಡಿಬರಹ.

ವರ್ಷಕ್ಕೆ ನಾಲ್ಕು ಚಿತ್ರ, ಒಂದೊಂದಕ್ಕೆ ಎಂಬತ್ತು ಜನ. ಇದರಿಂದ ಯಾವ ನಿರ್ಮಾಪಕನ ಸಾಲವೂ ತೀರುವುದಿಲ್ಲ, ನಿಜ. ಆದರೆ ನಾಗಪುರದಂತೆ ಪುಣೆ, ಹೈದರಾಬಾದ್, ದೆಹಲಿ, ದುಬೈಗಳ ಸಂಘಗಳೂ ಒಂದೇ ತಿಂಗಳು ಒಂದೇ ಚಿತ್ರಕ್ಕೆ ಕೈಜೋಡಿಸಿದರೆ, ಮುಂದಿನ ಚಿತ್ರ ಮಾಡುವವರು ತಮ್ಮ ಲೆಕ್ಕದಲ್ಲಿ ‘ಹೊರನಾಡು’ ಎಂದೊಂದು ಸಾಲು ಸೇರಿಸಿಕೊಳ್ಳಬಹುದು. ಮುಂದಿನ ಸಂಘದ ಸಭೆಯಲ್ಲಿ ಆರ್ಕೆಸ್ಟ್ರಾದ ಖರ್ಚಿನ ವಿಷಯ ಬಂದಾಗ, ಅದರ ಕೆಳಗೆ ಒಂದು ಸಿನಿಮಾದ ಹೆಸರನ್ನೂ ಬರೆಸಿ ನೋಡಿ.