ಬಂಗಾಳದ ಕ್ಷಾಮವನ್ನು ಕುರಿತ ಎರಡು ಗ್ರಂಥಗಳು

ಬಡ ದೇಶಗಳ ರಾಜ್ಯವ್ಯವಹಾರವನ್ನೂ ಸಮಾಜಸ್ಥಿತಿಯನ್ನೂ ಕುರಿತು ಪಂಡಿತರು ಬರೆದ ಗ್ರಂಥಗಳು ಅನೇಕವಿವೆ. ಅದೇ ವಿಷಯವನ್ನು ಕಥೆಯಾಗಿ ಹೇಳಿದ ಕಾದಂಬರಿಗಳೂ ಅನೇಕವಿವೆ. ಮೊದಲನೆಯವನ್ನು ವಿದ್ವಾಂಸರಿಗೂ ಎರಡನೆಯವನ್ನು ಹೊತ್ತು ಕಳೆಯುವವರಿಗೂ ಬಿಟ್ಟುಕೊಡುವ ವಾಡಿಕೆ ನಮ್ಮಲ್ಲುಂಟು. ಈ ವಿಭಾಗವು ಸರಿಯಾದುದಲ್ಲವೆಂಬುದನ್ನು, 1943ರ ಬಂಗಾಳದ ಕ್ಷಾಮದ ವಿಷಯವಾಗಿ ಹುಟ್ಟಿದ ಎರಡು ಗ್ರಂಥಗಳ ಮೂಲಕ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ತಿಳಿಯಪಡಿಸುವುದು ಈ ಲೇಖನದ ಉದ್ದೇಶವು.

ಮೊದಲು ಆ ಕ್ಷಾಮದ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಬೇಕು. 1942ರಲ್ಲಿ ಜಪಾನೀಯರು ಬರ್ಮಾ ದೇಶವನ್ನು ಹಿಡಿದುದರಿಂದ ಅಲ್ಲಿನ ಅಕ್ಕಿ ಬರುವುದು ನಿಂತಿತು. ಶತ್ರುವಿನ ಕೈಗೆ ಸಿಕ್ಕಬಾರದೆಂದು ಸರಕಾರದವರು ಕರಾವಳಿಯ ಜಿಲ್ಲೆಗಳ ದೋಣಿಗಳನ್ನು ತೆಗೆಸಿಬಿಟ್ಟರು. ಆ ವರ್ಷದ ಅಕ್ಟೋಬರ್ 16ರಂದು ಮೇದಿನೀಪುರದ ಸೀಮೆಯಲ್ಲಿ ಚಂಡಮಾರುತವು ಬೀಸಿ ಪೈರನ್ನು ಹಾಳುಮಾಡಿತು. ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಮಣಕ್ಕೆ 13–14 ರೂಪಾಯಿಯಿದ್ದ ಅಕ್ಕಿಯ ಸಗಟು ಧಾರಣೆಯು ಮಾರ್ಚಿನಲ್ಲಿ 21 ಆಗಿ, ಮೇ ತಿಂಗಳಲ್ಲಿ 30ನ್ನು ದಾಟಿ, ಆಗಸ್ಟಿನಲ್ಲಿ 37ಕ್ಕೆ ಏರಿತು. (ಬಂಗಾಳದ ಮಣವು ನಮ್ಮ ಹಳೆಯ ಮಣಕ್ಕಿಂತ ಬಹಳ ದೊಡ್ಡದು, ಸುಮಾರು 37 ಕಿಲೋ ತೂಗುವುದು.) ಸತ್ತವರು 15 ಲಕ್ಷವೆಂದು 1945ರಲ್ಲಿ ಸರ್ ಜಾನ್ ವುಡ್‌ಹೆಡ್ಡರ ಸಮಿತಿಯು ಅಂದಾಜು ಮಾಡಿತು. ಸುಮಾರು 30 ಲಕ್ಷವೆಂಬುದು ಅಮರ್ತ್ಯ ಸೇನರ ಎಣಿಕೆ.

ಈ ಸೇನರು 1981ರಲ್ಲಿ ಪ್ರಕಟಿಸಿದ 'ಪಾವರ್ಟಿ ಅಂಡ್ ಫ್ಯಾಮಿನ್ಸ್' ಎಂಬುದೇ ನಮ್ಮ ಪಂಡಿತಗ್ರಂಥವು. ಅಕ್ಕಿ ಸಾಲದೆ ಹೋದುದರಿಂದ ಜನರು ಸತ್ತರೆಂದು ಸಮಿತಿಯವರು ಹೇಳಿದ್ದರು. ಕೇಳುವುದಕ್ಕೆ ಇದು ಸಹಜವಾದ ಮಾತು. ಬರವೆಂದರೆ ಧಾನ್ಯವಿಲ್ಲದಿರುವುದೆಂದೇ ನಾವೆಲ್ಲರೂ ತಿಳಿದಿರುವೆವು. ಸೇನರು ಲೆಕ್ಕಗಳನ್ನು ಮರಳಿ ಕೂಡಿಸಿ ನೋಡಿದರು. 1943ರಲ್ಲಿ ಬಂಗಾಳದಲ್ಲಿ ದೊರೆಯುತ್ತಿದ್ದ ಧಾನ್ಯವು ಹಿಂದಿನ ಐದು ವರ್ಷಗಳ ಸರಾಸರಿಗಿಂತ ಸುಮಾರು ನೂರಕ್ಕೆ 5ರಷ್ಟು ಮಾತ್ರ ಕಡಿಮೆಯಾಗಿದ್ದಿತು. 1941ಕ್ಕಿಂತಲೂ ನೂರಕ್ಕೆ 13ರಷ್ಟು ಹೆಚ್ಚಾಗಿಯೇ ಇದ್ದಿತು. ಆದರೆ 1941ರಲ್ಲಿ ಕ್ಷಾಮವಾಗಲಿಲ್ಲ!

ಹಾಗಾದರೆ ಸತ್ತವರು ಯಾರು? ಏಕೆ ಸತ್ತರು? ಪ್ರತಿಯೊಬ್ಬ ಮನುಷ್ಯನೂ ತನ್ನಲ್ಲಿರುವುದನ್ನು ಕೊಟ್ಟು ಅನ್ನವನ್ನು ಪಡೆಯುತ್ತಾನೆ: ಒಬ್ಬನು ಹೊಲದ ಬೆಳೆಯಿಂದ, ಒಬ್ಬನು ಮೈಯ ದುಡಿಮೆಯಿಂದ, ಒಬ್ಬನು ಹಿಡಿದ ಮೀನಿನಿಂದ. ಈ ವಿನಿಮಯದ ಬಲದಿಂದ ಅವನಿಗೆ ದೊರೆಯುವ ಅಧಿಕಾರವನ್ನು 'ಪಡೆಯುವ ಹಕ್ಕು' ಎನ್ನಬಹುದು. ಯುದ್ಧದ ವೆಚ್ಚದಿಂದ ಪೇಟೆಯಲ್ಲಿ ಹಣವು ಉಕ್ಕಿ ಅಕ್ಕಿಯ ಬೆಲೆಯು ಹಾರಿದಾಗ, ಹಳ್ಳಿಯ ಕೂಲಿಯು ಅದರೊಡನೆ ಏರಲಿಲ್ಲ. ಬೋಲಪುರದ ಧಾರಣೆಗಳನ್ನು ಹಿಡಿದು, ಒಂದು ಕ್ಷೌರಕ್ಕೆ, ಒಂದು ಬಿದಿರು ಕೊಡೆಗೆ, ಒಂದಿಷ್ಟು ಹಾಲಿಗೆ ಎಷ್ಟು ಅಕ್ಕಿ ಬರುತ್ತಿದ್ದಿತು, ಆಮೇಲೆ ಎಷ್ಟಕ್ಕೆ ಇಳಿಯಿತು ಎಂಬುದನ್ನು ಸೇನರು ಪಟ್ಟಿ ಮಾಡಿದ್ದಾರೆ. ಬೋಲಪುರದ ಪಕ್ಕದಲ್ಲಿಯೇ ಶಾಂತಿನಿಕೇತನವಿರುವುದು. ಒಂಬತ್ತು ವರ್ಷದ ಹುಡುಗನಾಗಿದ್ದಾಗ ಅವರು ಅಲ್ಲಿಯೇ ಈ ಕ್ಷಾಮವನ್ನು ಕಂಡಿದ್ದರು. ಬೇಡಿ ಬಂದವರಿಗೆ ಒಂದು ಸಿಗರೇಟು ಡಬ್ಬಿಯಷ್ಟು ಅಕ್ಕಿ ಕೊಡಲು ಅವರ ಅಜ್ಜ ಅಪ್ಪಣೆ ಕೊಟ್ಟಿದ್ದರಂತೆ. ತಮ್ಮ ಬಂಧುಮಿತ್ರರಲ್ಲಿ ಒಬ್ಬರಿಗೂ ಹಸಿವು ತಟ್ಟಲಿಲ್ಲವೆಂಬುದನ್ನೂ ಅವರು ಮರೆಯಲಿಲ್ಲ.

ವಾರಕ್ಕೆ ಹೊಲ ಮಾಡುತ್ತಿದ್ದ ಬಡ ರೈತನಿಗೆ ಬೆಳೆಯಲ್ಲಿಯೇ ಪಾಲು ಬರುತ್ತಿದ್ದುದರಿಂದ ಅವನು ಅಷ್ಟಿಷ್ಟು ಉಳಿದನು. ಹಣದ ಕೂಲಿಯ ಆಳು ಸತ್ತನು. ದೋಣಿಯನ್ನು ಕಳೆದುಕೊಂಡ ಬೆಸ್ತರು ಎಲ್ಲರಿಗಿಂತ ಹೆಚ್ಚು ನಿರ್ಗತಿಕರಾದರು. ಗಾಡಿ ದೋಣಿಗಳಲ್ಲಿ ಸಾಗಾಣಿಕೆ ಮಾಡುತ್ತಿದ್ದವರೂ, ಭತ್ತ ಕುಟ್ಟಿ ಜೀವಿಸುತ್ತಿದ್ದವರೂ ಅವರ ಹಿಂದೆಯೇ ಬಂದರು. ಈ ಕೊನೆಯ ಮಾತನ್ನು ವಾಚಕಿಯರು ಗಮನಿಸಬೇಕು. ಢೆಂಕಿ ಎಂಬ, ಕಾಲಿನಿಂದ ತುಳಿದು ನಡೆಸುವ ಮರದ ಒನಕೆಯಲ್ಲಿ ಭತ್ತ ಕುಟ್ಟುವುದು ಅಲ್ಲಿ ಹೆಂಗಸರ ಕೆಲಸವು. ವಿಧವೆಯರಿಗೂ ದಿಕ್ಕಿಲ್ಲದವರಿಗೂ ಅದೇ ಅನ್ನದ ದಾರಿ. ಪಂಡಿತನ ಪಟ್ಟಿಯಲ್ಲಿ ಅದು ಒಂದು ಸಾಲು ಮಾತ್ರ.

ಆ ಸಾಲಿನ ಹಿಂದಿರುವ ಮನೆಯನ್ನು ಕಾಣಬೇಕಾದರೆ 'ಪಥೇರ್ ಪಾಂಚಾಲಿ'ಯನ್ನು ಬರೆದ ವಿಭೂತಿಭೂಷಣ ಬಂದ್ಯೋಪಾಧ್ಯಾಯರ 'ಅಶನಿ ಸಂಕೇತ'ವನ್ನು ಓದಬೇಕು. ಸಿಡಿಲಿನ ಸೂಚನೆಯೆಂದು ಆ ಹೆಸರಿನ ಅರ್ಥ. ಅದು ಪತ್ರಿಕೆಯೊಂದರಲ್ಲಿ 1944ರಿಂದ ಬರತೊಡಗಿತು. ಗ್ರಂಥಕರ್ತರು 1950ರಲ್ಲಿ ತೀರಿಕೊಂಡ ಮೇಲೆ, 1959ರಲ್ಲಿ ಪುಸ್ತಕವಾಯಿತು. ಹಳ್ಳಿಗೆ ಹೊಸದಾಗಿ ಬಂದ ಬ್ರಾಹ್ಮಣ ಉಪಾಧ್ಯಾಯ ಗಂಗಾಚರಣ, ಅವನ ಹೆಂಡತಿ ಅನಂಗ, ನೆರೆಹೊರೆಯವರು, ಇಷ್ಟೇ ಕಥೆಯ ಜನ. ಯುದ್ಧವೆಂಬುದು ಅವರಿಗೆ ದೂರದ ಸುದ್ದಿ. ಅಂಗಡಿಯಲ್ಲಿ ಅಕ್ಕಿ ಸಿಕ್ಕದೆ ಹೋದ ದಿನವೂ, ಹಣವಿದ್ದರೆ ಹೇಗಾದರೂ ದೊರೆತೀತೆಂದೇ ಅವರು ನಂಬುವರು. ಹೆಂಗಸರು ಕಾಡಿನ ಗೆಡ್ಡೆಗಳನ್ನೂ ಸೊಪ್ಪನ್ನೂ ಅರಸುತ್ತಾ ಹೋಗುವರು. ಹೊಟ್ಟೆಯ ಪಾಡಿಗಾಗಿ ಮಾನವನ್ನೇ ತೆರಬೇಕಾಗಿ ಬಂದ ತರುಣಿಯೊಬ್ಬಳನ್ನು ಗ್ರಂಥಕರ್ತರು ಸ್ವಲ್ಪವೂ ನಿಂದಿಸದೆ ಚಿತ್ರಿಸಿರುವರು. ಮೋತಿ ಎಂಬ ಕೀಳುಜಾತಿಯೆನಿಸಿಕೊಂಡವಳು ಹಸಿವಿನಿಂದ ಸತ್ತಾಗ ಮಾತ್ರ, ಅನ್ನವಿಲ್ಲದೆ ಮನುಷ್ಯರು ನಿಜವಾಗಿ ಸಾಯುವರೆಂಬುದು ಊರಿಗೆ ತಿಳಿಯುವುದು. ಈ ಕಾದಂಬರಿಯಲ್ಲಿ ಗೋಳಾಟವಿಲ್ಲ. ಇದೇ ವಿಷಯವಾಗಿ ಭವಾನಿ ಭಟ್ಟಾಚಾರ್ಯರು 1947ರಲ್ಲಿ ಇಂಗ್ಲಿಷಿನಲ್ಲಿ ಬರೆದ ಕಾದಂಬರಿಯು ಕೋಪದಿಂದ ತುಂಬಿರುವುದು. ಕೋಪವು ನ್ಯಾಯವಾದುದೇ, ಆದರೂ ನಮ್ಮ ಮನಸ್ಸಿನಲ್ಲಿ ನಿಲ್ಲುವವಳು ಮೋತಿ.

ಸೇನರ ಮಾತನ್ನು ಎಲ್ಲರೂ ಒಪ್ಪಿದರೆಂದಲ್ಲ. ಆ ಕಾಲದ ಬೆಳೆಯ ಅಂಕಿಗಳು ನಂಬತಕ್ಕವುಗಳಲ್ಲವೆಂದೂ, ಕೊರತೆಯು ಹೆಚ್ಚಾಗಿಯೇ ಇದ್ದಿತೆಂದೂ ಕೆಲವರು ವಾದಿಸಿದ್ದಾರೆ. ಹಡಗುಗಳನ್ನು ಕೊಡದೆ ಧಾನ್ಯವನ್ನು ತಡೆದ ಲಂಡನ್ನಿನ ಮಂತ್ರಿಗಳ ಮೇಲೆ ಮಧುಶ್ರೀ ಮುಖರ್ಜಿಯವರು 2010ರ ತಮ್ಮ ಗ್ರಂಥದಲ್ಲಿ ತಪ್ಪು ಹೊರಿಸಿದ್ದಾರೆ. ನಮ್ಮ ಸೀಮೆಗೂ ಇಲ್ಲಿ ಒಂದು ಸಂಬಂಧವುಂಟು. ಮೈಸೂರಿನವರು ಧಾತು ಈಶ್ವರ ಸಂವತ್ಸರಗಳ ಬರವೆಂದು ಹೇಳುತ್ತಿದ್ದ 1876–78ರ ಘೋರ ಕ್ಷಾಮವಾದ ಮೇಲೆಯೇ, ಕ್ಷಾಮವೆಂದು ಸಾರಿ ಕೆಲಸವನ್ನೂ ಅನ್ನವನ್ನೂ ಒದಗಿಸುವ ನಿಬಂಧನೆಗಳನ್ನು ಸರಕಾರದವರು ಬರೆದಿಟ್ಟರು. 1943ರಲ್ಲಿ ಬಂಗಾಳದ ಸರಕಾರವು ಆ ನಿಬಂಧನೆಗಳಂತೆ ಕ್ಷಾಮವನ್ನು ಸಾರಲೇ ಇಲ್ಲ.

ಎರಡನ್ನೂ ಓದಲು ಬಯಸುವವರು ಕಾದಂಬರಿಯಿಂದ ಆರಂಭಿಸುವುದು ಲೇಸು. ಸೇನರ ಗ್ರಂಥದಲ್ಲಿ ಮೊದಲಿನ ಅಧ್ಯಾಯಗಳು ಗಣಿತದ ಪರಿಚಯವಿಲ್ಲದವರಿಗೆ ಕಠಿಣವಾಗಿ ತೋರಬಹುದು. ಬಂಗಾಳದ ವಿಷಯವಿರುವ ಆರನೆಯ ಅಧ್ಯಾಯವನ್ನು ನೇರವಾಗಿ ತೆರೆದರೆ, ಭತ್ತ ಕುಟ್ಟುವವರ ಆ ಸಾಲಿಗೆ ಬಂದಾಗ ಪರರ ಮನೆಗೆ ಭತ್ತ ಕುಟ್ಟಲು ಹೊರಟ ಅನಂಗಳ ನೆನಪು ತಾನಾಗಿಯೇ ಬರುವುದು.